ಮಿರಗದ ಮಳೆಗೆ ಮೊದಲು ಹುಲ್ಲಿನ ಮಶೀನು

ನೌಕರಿಯುದ್ದಕ್ಕೂ ನಾನು ಪೆಟ್ರೋಲ್ ಎಂಜಿನ್ನನ್ನು ಕಪ್ಪುಹಲಗೆಯ ಮೇಲಷ್ಟೇ ಓಡಿಸಿದವಳು. ಶಹಾಬಾದಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬಣ್ಣದ ಸೀಮೆಸುಣ್ಣದಲ್ಲಿ ಸಿಲಿಂಡರ್ ಬರೆದು, ಪಿಸ್ಟನ್ ಏರುವುದನ್ನೂ ಇಳಿಯುವುದನ್ನೂ ಬಾಣದ ಗುರುತಿನಿಂದ ತೋರಿಸಿ, ಕೈ ಝಾಡಿಸಿಕೊಂಡು ಚಹಾಕ್ಕೆ ಹೋಗುತ್ತಿದ್ದೆ. ನನ್ನ ಎಂಜಿನ್ ಒಂದು ದಿನವೂ ಕೆಟ್ಟದ್ದಿಲ್ಲ. ನಿಜವಾದ ಎಂಜಿನ್ನಿನ ಎದುರು ಮೊಣಕಾಲೂರಿ ಕೂರುವ ಪ್ರಸಂಗ ಬಂದದ್ದು ನಿವೃತ್ತಿಯಾದ ಮೇಲೆ, ಹುಲ್ಲಿನ ದೆಸೆಯಿಂದ.

ಶಹಾಬಾದಿನಲ್ಲಿ ಹುಲ್ಲಿನ ಚಿಂತೆ ಎಂದರೆ ಯಾರಾದರೂ ನಕ್ಕಾರು. ಇಲ್ಲಿ ನೆಲ ಫರ್ಸಿ ಕಲ್ಲು, ಅಡುಗೆ ಕಟ್ಟೆ ಫರ್ಸಿ, ಹಿತ್ತಿಲಿನ ಬೇಲಿಗೂ ಫರ್ಸಿಯನ್ನೇ ನೆಟ್ಟಗೆ ನಿಲ್ಲಿಸುತ್ತೇವೆ. ಆದರೆ ನಮ್ಮ ಬಡಾವಣೆಯ ನಡುವೆ ಉದ್ಯಾನಕ್ಕೆಂದು ಬಿಟ್ಟ ಒಂದು ಖಾಲಿ ಜಾಗವಿದೆ. ಉದ್ಯಾನ ಬರಲಿಲ್ಲ, ಕರಿಮಣ್ಣು ಮಾತ್ರ ಉಳಿಯಿತು. ಜೂನಿನಲ್ಲಿ ಮಿರಗದ ಮಳೆ ಒಂದೆರಡು ಸಲ ಬಿದ್ದರೆ ಸಾಕು, ಆ ಮಣ್ಣಿಗೆ ತಡೆಯಲಾಗದು, ಎಲ್ಲೆಡೆ ಹುಲ್ಲೋ ಹುಲ್ಲು. ನಾವು ಹುಲ್ಲನ್ನು ದನದ ಕಣ್ಣಿನಿಂದ ನೋಡಿ ಬೆಳೆದ ಜನ. ತಿನ್ನುವ ಹುಲ್ಲಿಗೆ ಮೇವು ಎನ್ನುತ್ತೇವೆ. ಬರಿಗಾಲಲ್ಲಿ ನಡೆದಾಡುವ ಹುಲ್ಲಿಗೆ ಕನ್ನಡದಲ್ಲಿ ಏನನ್ನಬೇಕೆಂದು ನಾನು ಬಹಳ ಯೋಚಿಸಿದೆ. ಸಿಗಲಿಲ್ಲ. ಕೊನೆಗೆ ಲಾನ್ ಎಂದೇ ಕರೆದು ಆ ಖಾಲಿ ಜಾಗದ ಅಂತಸ್ತು ಏರಿಸಿದೆವು.

ಅಲ್ಲಿ ಸಂಜೆ ನಾವು ಮೂವರು ಹೆಂಗಸರು ಸುತ್ತು ಹಾಕುತ್ತೇವೆ. ನನಗೆ ಸಕ್ಕರೆ ಕಾಯಿಲೆ. ಪಕ್ಕದ ಮನೆಯ ಮೆಹರುನ್ನಿಸಾ ಆಪಾ ಹೊಲಿಗೆ ಕೆಲಸದವರು. ಕೂತು ಕೂತು ಹಿಡಿದುಕೊಂಡ ಸೊಂಟ ಅವರದು. ಹಿಂದಿನ ಓಣಿಯ ಗುರುಬಾಯಿಗೆ ಯಾವ ಕಾಯಿಲೆಯೂ ಇಲ್ಲ. ಗಂಡ ತೀರಿಕೊಂಡ ಮೇಲೆ ಹೊಸ್ತಿಲು ದಾಟುವುದಕ್ಕೆ ಆಕೆಗೆ ಉಳಿದಿದ್ದ ನೆಪ ಇದೊಂದೇ. ಹೋದ ವರ್ಷ ಮಳೆಗಾಲದಲ್ಲಿ ಹುಲ್ಲು ಮೊಣಕಾಲಿಗೆ ಬಂತು, ಅದರೊಳಗಿಂದ ಒಂದು ಹಾವು ನಮ್ಮೆದುರೇ ಹರಿದುಹೋಯಿತು. ಅಂದಿನಿಂದ ಗುರುಬಾಯಿಯ ಮಗ ಬಸವರಾಜ ತಾಯಿಯನ್ನು ಹೊರಗೆ ಬಿಡಲಿಲ್ಲ. ಕೆಟ್ಟವನಲ್ಲ. ತಂದೆಯನ್ನು ಕಳೆದುಕೊಂಡವನ ಹೆದರಿಕೆ. ದೀಪಾವಳಿಯ ಹೊತ್ತಿಗೆ ಹುಲ್ಲೊಣಗಿ ಗುರುಬಾಯಿ ಮತ್ತೆ ಬಂದಾಗ, ಮಾತಿನ ಮಲ್ಲಿಯಂತಿದ್ದ ಹೆಂಗಸು ಹೂಂ, ಊಹೂಂಗೆ ಇಳಿದಿದ್ದಳು. ಈ ಸಲ ಹುಲ್ಲಿಗೆ ತಲೆ ಎತ್ತಗೊಡಬಾರದೆಂದು ನಾನೂ ಆಪಾರೂ ಆಗಲೇ ನಿಶ್ಚಯಿಸಿದೆವು.

ಹುಲ್ಲು ಕೊಯ್ಯುವ ಮಶೀನು ಸಿಕ್ಕಿದ್ದು ಆಪಾರ ತಮ್ಮನಿಂದ. ಪಕ್ಕದೂರು ವಾಡಿಯಲ್ಲಿ ಯಾರೋ ಬಂಗಲೆ ಖಾಲಿ ಮಾಡುವಾಗ ಬೇಡವೆಂದು ಬಿಟ್ಟದ್ದನ್ನು ತನ್ನ ಟಂಟಂ ಆಟೋದಲ್ಲಿ ಹೇರಿಕೊಂಡು ತಂದಿದ್ದ. ಬೇಸಿಗೆಯುದ್ದಕ್ಕೂ ಅದು ಹೊಟ್ಟೆಯಲ್ಲಿ ಹಳೆಯ ಪೆಟ್ರೋಲ್ ಇಟ್ಟುಕೊಂಡು ನಮ್ಮ ಮೆಟ್ಟಿಲ ಕೆಳಗೆ ಮಲಗಿತ್ತು. ಮೇ ತಿಂಗಳ ಕೊನೆಗೆ ಅಂಗಳಕ್ಕೆ ಎಳೆದು ಹಗ್ಗ ಜಗ್ಗಿದೆ. ಅದು ಕೆಮ್ಮಲೂ ಇಲ್ಲ. ಬೈಕಿನಲ್ಲಿ ಹೊರಟಿದ್ದ ಬಸವರಾಜ ಗೇಟಿನ ಹತ್ತಿರ ನಿಂತ.

“ಟೀಚರ್, ಇವೆಲ್ಲ ನಿಮಗ ಬ್ಯಾಡ್ರಿ. ಬೆರಳು ಗಿರಳು ಹೋದೀತು.”

“ಹೋದ್ರ ನಮ್ಮ ಬೆರಳೇ ಹೋಗ್ತಾವ, ನೀ ಹೋಗಪಾ,” ಎಂದರು ಆಪಾ.

ಹಾಗೆಂದರೂ ಬೆರಳಿನ ಮಾತು ನನ್ನ ತಲೆಯಲ್ಲಿ ಕೂತಿತು. ಮಶೀನು ತಾನಾಗಿ ಶುರುವಾಗದಂತೆ ಮೊದಲು ಪ್ಲಗ್ಗಿನ ವಾಯರ್ ಕಿತ್ತೆ. ಹಳೆಯ ಪೆಟ್ರೋಲ್ ಬಸಿದೆ. ವಾರ್ನಿಶ್ ವಾಸನೆ ಬಂತು. ಕಾರ್ಬ್ಯುರೇಟರ್ ಬಿಚ್ಚಿದರೆ ತಳದಲ್ಲಿ ಹಳದಿ ಅಂಟು. ಆಪಾ ಹೊಲಿಗೆ ಯಂತ್ರ ಒರೆಸುವ ಪುಟ್ಟ ಬ್ರಶ್ ತಂದು, ಮಗುವಿನ ಕಿವಿ ಒರೆಸುವ ನಾಜೂಕಿನಿಂದ ತಿಕ್ಕಿದರು. ನಾನು ಪ್ಲಗ್ಗಿನ ಮಸಿ ತೆಗೆದೆ, ಆಯಿಲ್ ಬದಲಿಸಿದೆ. ಕೆಳಗಿನ ಬ್ಲೇಡನ್ನು ನಟ್ಟಿಗೆ ಪಾನಾ ಹಾಕಿ ಬಿಚ್ಚಿ, ಕುಡುಗೋಲು ಮಸೆಯುವ ಅಂಗಡಿಯಲ್ಲಿ ಸಾಣೆ ಹಿಡಿಸಿ ತಂದು ನಾನೇ ಕೂಡಿಸಿದೆ. ಮತ್ತೆ ಹಗ್ಗ ಜಗ್ಗಿದಾಗ ಮಶೀನು ನೀಲಿ ಹೊಗೆ ಬಿಟ್ಟು ಗುಡುಗಿತು. ಆಪಾ “ಯಾ ಅಲ್ಲಾ!” ಎಂದು ಎರಡು ಹೆಜ್ಜೆ ಹಿಂದೆ ಹಾರಿದರು. ನಾನು ಹೆದರಿ ಆರಿಸಿಯೇ ಬಿಟ್ಟೆ. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಕೈಯ ಪೆಟ್ರೋಲ್ ವಾಸನೆಯನ್ನು ಅತ್ತರಿನಂತೆ ಮೂಸಿಕೊಂಡದ್ದುಂಟು.

ಮಿರಗ ಬಂತು. ಹುಲ್ಲು ಹಿಮ್ಮಡಿ ಮುಚ್ಚುತ್ತಿದ್ದಂತೆ, ಮಳೆ ಬಿಟ್ಟು ನೆಲ ಒಣಗಿದ ಒಂದು ಸಂಜೆ ಮಶೀನು ಹೊರಡಿಸಿದೆವು. ಆಪಾ ಗುರುಬಾಯಿಯನ್ನು ಕರೆತಂದಿದ್ದರು. ಆಕೆ ಸೆರಗು ಹೊದ್ದು ದೂರ ನಿಂತಳು. ನಾನು ಗತ್ತಿನಿಂದ ಒಂದು ಪಟ್ಟಿ ಹೊಡೆದು ತಿರುಗಿ ನೋಡಿದರೆ ಹುಲ್ಲು ತುಂಡಾಗಿರಲಿಲ್ಲ, ಅಂಗಾತ ಮಲಗಿತ್ತು.

“ಟೀಚರ್, ಇದು ಹುಲ್ಲಿಗಿ ಬಾಚಣಿಕಿ ಹಾಕ್ಲಿಕತ್ತದ್ರಿ! ಇನ್ನ ಹೆರಳು ಹಾಕಿ ಹೂ ಮುಡಸೂದೊಂದು ಬಾಕಿ!”

ಹೇಳಿದವಳು ಗುರುಬಾಯಿ. ಬ್ಲೇಡನ್ನು ನಾನು ತಲೆಕೆಳಗಾಗಿ ಕೂಡಿಸಿದ್ದೆ. ಆಕೆ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು, ನಗು ನಿಲ್ಲದೆ ನೆಲಕ್ಕೇ ಕೂತುಬಿಟ್ಟಳು. ಅಷ್ಟು ಒಳ್ಳೆಯ ತಪ್ಪನ್ನು ನಾನು ಬೇಕೆಂದು ಮಾಡಿದ್ದರೂ ಆಗುತ್ತಿರಲಿಲ್ಲ.

ವಾಯರ್ ಕಿತ್ತು, ಬ್ಲೇಡ್ ತಿರುಗಿಸಿ ಹಾಕಿ, ಮಶೀನು ಶುರು ಮಾಡಿದೆ. ಈಗ ಹಸಿರು ಚೂರು ಪಕ್ಕಕ್ಕೆ ಚಿಮ್ಮತೊಡಗಿತು. ಗುರುಬಾಯಿ ಎದ್ದು ಬಂದು, “ಕೊಡ್ರಿ ಇಲ್ಲಿ,” ಎಂದು ಹಿಡಿಕೆ ಇಸಿದುಕೊಂಡಳು. ಸೆರಗು ಸೊಂಟಕ್ಕೆ ಬಿಗಿದು ಹೊರಟವಳು ಬೇಲಿಯ ತನಕ ಹೋಗಿ ತಿರುಗಿದಳು, ಮತ್ತೆ ಹೋದಳು.

ಅಷ್ಟರಲ್ಲಿ ಬಸವರಾಜ ಬಂದ. “ಯವ್ವಾ, ಮನಿಗಿ ನಡಿ! ಹುಲ್ಲಾಗ ಏನರ ಇದ್ದೀತು!” ಆಕೆ ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದ. ಮಶೀನು ಆ ತುದಿಗೆ ಹೋಯಿತು. “ಸಪ್ಪಳದಾಗ ಕೇಳ್ಸವಲ್ದೇನೋ ಆಕಿಗಿ,” ಎಂದು ನನ್ನ ಮುಖ ನೋಡಿದ. ಸ್ವಲ್ಪ ಹೊತ್ತು ನಿಂತವನು ಚಪ್ಪಲಿ ಬಿಟ್ಟು ಹುಲ್ಲಿಗಿಳಿದ. ತಾಯಿ ಇನ್ನೂ ಕೊಯ್ಯದ ಕಡೆಗೆ ಮುಂದಾಗಿ ಹೋಗಿ, ಬ್ಲೇಡಿಗೆ ಸಿಕ್ಕಾವೆಂದು ಫರ್ಸಿಯ ಚೂರುಗಳನ್ನು ಹೆಕ್ಕಿ ಬೇಲಿಯಾಚೆ ಎಸೆಯತೊಡಗಿದ.

ಕತ್ತಲಾಗುವ ಮುನ್ನ ಮಶೀನು ಆರಿಸಿದೆವು. ಮಗ ಬೈಕು ತರಲು ಹೋದಾಗ ಗುರುಬಾಯಿಯನ್ನು ಮೆಲ್ಲಗೆ ಕೇಳಿದೆ, “ಕರದದ್ದು ಖರೇನೇ ಕೇಳ್ಸಿಲ್ಲೇನು?”

ಆಕೆ ಬೆವರು ಒರೆಸಿಕೊಂಡಳು. “ಮೊದಲ್ನೇ ಸಲಾನೇ ಕೇಳ್ಸಿತ್ರಿ.” ಆಮೇಲೆ ನಮ್ಮ ಲಾನಿನ ಉದ್ದಗಲ ನೋಡಿ, “ಇದು ಮತ್ತ ಯಾವಾಗ ಬೆಳೀತದ್ರಿ?” ಎಂದಳು.

ಕೊಯ್ದಷ್ಟೂ ಬೆಳೆಯುತ್ತದೆಂದು ಹುಲ್ಲನ್ನು ಬೈಯುವವರು ಬಹಳ. ಬೆಳೆಯಲಿ ಎಂದು ಕಾಯುವವರು ನಾವೀಗ ಮೂವರು ಇದ್ದೇವೆ.