ಸಾವಕಾರರು ತುಂಬಿದ ಕರೆಂಟು

ಹಂಸಭಾವಿ ದಾಟುವಾಗ ನನ್ನ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಆರು ಪರ್ಸೆಂಟಿಗೆ ಇಳಿದಿತ್ತು. ಹಿರೇಕೆರೂರಿನ ಅಕ್ಕನ ಮನೆ ಮುಟ್ಟಿದರೆ ಚಾರ್ಜು, ಇಲ್ಲದಿದ್ದರೆ ದೂಡುವ ಕರ್ಮ. ದೂಡುವುದೂ ಸುಲಭವಲ್ಲ, ಗಾಲಿಯೊಳಗಿನ ಮೋಟಾರು ಹಟ ಹಿಡಿದ ಎಮ್ಮೆಯಂತೆ ಹಿಂದಕ್ಕೆ ಜಗ್ಗುತ್ತದೆ. ಇಳಿಜಾರಿನಲ್ಲಿ ಮಾತ್ರ ಆ ಜಗ್ಗಾಟವೇ ಕರೆಂಟಾಗಿ ಬ್ಯಾಟರಿಗೆ ಮರಳುತ್ತದೆ. ಗಾಡಿಯ ಮೇಲೆ ಭಾರ ಹೆಚ್ಚಿದ್ದಷ್ಟೂ ಲಾಭ.

ಒಂದು ಇಳಿಜಾರಿನ ತಲೆಯಲ್ಲಿ ಭಾರಿ ಆಳೊಬ್ಬರು ಬಸ್ಸಿಗೆ ಕಾದು ನಿಂತಿದ್ದರು. ಕ್ವಿಂಟಲಿಗೆ ಕಡಿಮೆಯಿರಲಿಲ್ಲ.

“ಬರ್ರಿ ಸಾವಕಾರ್ರ, ಕುಂದರ್ರಿ,” ಅಂದೆ, ಪುಣ್ಯವಂತನ ಮುಖ ಮಾಡಿ.

ಕೆಳಗೆ ಬರುವಷ್ಟರಲ್ಲಿ ಆರು ಏಳಾಯಿತು. ಊರಲ್ಲಿ ಹೇಳುವಾಗ ಹತ್ತು ಅನ್ನುತ್ತೇನೆ. ಎದುರಿಗೆ ಏರು ಬಂತು, ಗಾಡಿ ನಿಲ್ಲಿಸಿದೆ.

“ಸ್ವಲ್ಪ ಇಳೀರಿ. ನಿಮ್ಮ ಭಾರಕ್ಕ ಇಳಿಜಾರಿನ್ಯಾಗ ಚಾರ್ಜ್ ಆತು. ಏರಿನ್ಯಾಗ ಅದ ಭಾರ ಚಾರ್ಜ್ ತಿಂದ್ ಹಾಕ್ತೈತಿ.”

ಸಾವಕಾರರು ಯೋಚಿಸಿದರು. “ಅಂದ್ರ ಈ ಕರೆಂಟ್ ನಾ ತುಂಬಿದ್ದು?”

“ಹೌದ್ರಿ, ಎಲ್ಲಾ ನಿಮ್ಮದ.”

“ಹಂಗಾದ್ರ ಇಳಿಯೋರು ನೀವು. ನನ್ನ ಕರೆಂಟಿನ ಮ್ಯಾಲೆ ನಾ ಹೊಂಟೇನಿ.”

ಆ ಮೈಕಟ್ಟಿನ ಜೊತೆ ವಾದಕ್ಕಿಳಿಯುವ ಧೈರ್ಯವಿಲ್ಲದೆ ಹ್ಯಾಂಡಲ್ ಬಿಟ್ಟು ಕೆಳಗಿಳಿದೆ. ಗಾಡಿ ಅವರನ್ನು ಹೊತ್ತು ಹೋಯಿತು. ಸ್ಕೂಟರ್ ಕೈತಪ್ಪಿತೆಂದೇ ತಿಳಿದು ಏದುಸಿರು ಬಿಡುತ್ತ ಏರು ಹತ್ತಿದೆ. ಮೇಲೆ ಬೇವಿನ ಮರದ ನೆರಳಲ್ಲಿ ಅವರು ಕಾಯುತ್ತಿದ್ದರು.

“ದೊಡ್ಡ ಮನಸು ನಿಮ್ದು,” ಅಂದೆ. “ಹೋಗೇಬಿಟ್ರಿ ಅಂದ್ಕೊಂಡಿದ್ದೆ.”

“ಹೆಂಗ ಹೋಗ್ಲಿ? ಮುಂದ ಇನ್ನೊಂದು ಇಳಿಜಾರೈತಿ. ನಿಮ್ಮ ಭಾರಾನೂ ಬೇಕಲ್ಲ, ಹತ್ರಿ.”

ಹ್ಯಾಂಡಲ್ ಕೊಡಲಿಲ್ಲ. ಮನೆ ಮುಟ್ಟಿದಾಗ ಅಕ್ಕ ಮೊದಲ ಕಪ್ ಚಹಾ ಕೊಟ್ಟದ್ದೂ ಅವರಿಗೇ. ಪಾಪ, ತಮ್ಮನನ್ನು ಅಷ್ಟು ದೂರದಿಂದ ಕೂರಿಸಿಕೊಂಡು ಬಂದವರಲ್ಲವೇ!