ಕಟ್ಟಿನ ಸಾಬರು ಮತ್ತು ಮೈಸೂರಿನ ಚಿತ್ರಗಳು

ತುಟಿಗಳ ನಡುವೆ ನಾಲ್ಕೈದು ಸಣ್ಣ ಮೊಳೆಗಳನ್ನು ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು. ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು; ಎಂದೋ ಗಾಜು ಕೊಯ್ಯುವಾಗ ಆದದ್ದಂತೆ. ಮದ್ದೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದು ಮಂಚ ಹಿಡಿಸುವಷ್ಟು ಅಗಲದ ಅಂಗಡಿ ಅವರದು. ದೇವರ ಪಟ, ಮದುವೆಯ ಫೋಟೋ, ತೀರಿಕೊಂಡವರ ಫೋಟೋ, ಯಾವುದೇ ಇರಲಿ ಸುತ್ತಲಿನ ಹಳ್ಳಿಗಳವರು ಕಟ್ಟು ಹಾಕಿಸುತ್ತಿದ್ದದ್ದು ಅವರ ಕೈಯಲ್ಲೇ. ಎಲ್ಲರಿಗೂ ಅವರು ಕಟ್ಟಿನ ಸಾಬರು. ನನಗೂ ಅಷ್ಟೇ.

ನಾನು ಹೊಳಲಿನವಳು. ಮದ್ದೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಅಪ್ಪ ತೀರಿಕೊಂಡ ತಿಂಗಳಿಗೆ ಅವರ ಫೋಟೋ ಹಿಡಿದು ಆ ಅಂಗಡಿಗೆ ಹೋದೆ. ಸಾಬರು ಅದನ್ನು ಬಟ್ಟೆಯಲ್ಲಿ ಒರೆಸಿ, ದೂರಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಬಾಯಿಂದ ಮೊಳೆಗಳನ್ನು ಅಂಗೈಗೆ ಉದುರಿಸಿಕೊಂಡು ಕೇಳಿದರು:

"ಇವ್ರಿಗೆ ಕಣ್ಣು ಕಾಣ್ತಿತ್ತೇನಮ್ಮ?"

ಕೊನೆಯ ಆರು ವರ್ಷ ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಗೋಡೆ ಸವರಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದರು. ವಯಸ್ಸಾಯಿತು, ಅದಕ್ಕೇ ಅಂತ ನಾವೆಲ್ಲ ಸುಮ್ಮನಿದ್ದೆವು.

"ನಿಮಗೆ ಹೆಂಗೆ ಗೊತ್ತಾಯ್ತು ಸಾಬ್ರೇ?"

"ಕ್ಯಾಮರಾ ನೋಡ್ತಾವ್ರೆ. ಆದ್ರೆ ಅದು ಎಲ್ಲಿ ಅದೆ ಅಂತ ಅವ್ರಿಗೆ ಗೊತ್ತಿಲ್ಲ. ಎಷ್ಟೋ ಮುಖ ನೋಡಿವ್ನಿ ಕಣಮ್ಮ, ಗೊತ್ತಾಯ್ತದೆ."

ಅವತ್ತು ಅವರನ್ನು ಕಂಡು ಸ್ವಲ್ಪ ಹೆದರಿದೆ. ಊರಿನಲ್ಲೂ ಕೆಲವರಿಗೆ ಆ ಹೆದರಿಕೆ ಇತ್ತು. ಬದುಕಿರುವವರ ಒಂಟಿ ಫೋಟೋ ಅವರ ಅಂಗಡಿಗೆ ಕೊಡಬಾರದು, ಒಂದು ಕಣ್ಣು ಮುಚ್ಚಿ ನೋಡಿದರೆ ಮುಗಿಯಿತು ಎನ್ನುತ್ತಿದ್ದರು. ನಿಜವೆಂದರೆ, ಕಟ್ಟಿನ ಪಟ್ಟಿ ನೆಟ್ಟಗಿದೆಯೋ ಇಲ್ಲವೋ ನೋಡಲು ಅವರು ಹಾಗೆ ಒಂದು ಕಣ್ಣು ಮುಚ್ಚುತ್ತಿದ್ದರು. ನಲವತ್ತು ವರ್ಷದ ಅಭ್ಯಾಸ. ಮನುಷ್ಯರನ್ನು ನೋಡುವಾಗಲೂ ಬಿಡುತ್ತಿರಲಿಲ್ಲ.

ಅಂಗಡಿಯ ಗೋಡೆಗೆ ಹಳೆಯ ತೈಲಚಿತ್ರವೊಂದರ ಚಿಕ್ಕ ಅಚ್ಚು ಅಂಟಿಸಿದ್ದರು. ಕಟ್ಟು ಹಾಕುವವರ ಅಂಗಡಿಯಲ್ಲಿ ಕಟ್ಟಿಲ್ಲದ್ದು ಅದೊಂದೇ. ಯಾಕೆಂದು ಕೇಳಿದೆ.

"ಅದ್ಕೆ ಕಟ್ಟು ಆಕೋ ಯೋಗ್ಯತೆ ನಂಗಿಲ್ಲ. ಅಸಲಿ ಚಿತ್ರ ಮೈಸೂರಲ್ಲಿ ಅದೆ. ಅದ್ರ ಕಟ್ಟು ನೋಡ್ಬೇಕು ನೀನು. ನೋಡಿದ್ದೀಯಾ?"

ನೋಡಿರಲಿಲ್ಲ. ಮೈಸೂರು ರೈಲಿನಲ್ಲಿ ಗಂಟೆ ಹಾದಿ. ಆದರೂ ಅರಮನೆ, ಮೃಗಾಲಯ, ದಸರಾ ದೀಪ ಬಿಟ್ಟರೆ ನಾನು ಅಲ್ಲೇನೂ ಕಂಡವಳಲ್ಲ. ಚಿಕ್ಕವಳಿದ್ದಾಗ ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಚಿತ್ರ ಬರೆಯುತ್ತಿದ್ದೆ, ಅದೂ ಯಾವಾಗಲೋ ನಿಂತಿತ್ತು. ಇದನ್ನು ಅವರಿಗೆ ಹೇಳಿದ್ದೇ ತಪ್ಪಾಯಿತು. "ಎರಡನೇ ಶನಿವಾರ ನಿಂಗೆ ರಜ ಅಲ್ವಾ? ನಡಿ" ಎಂದರು.

ಹೀಗೆ ನಮ್ಮ ಮೂವರ ಪ್ರಯಾಣ ಶುರುವಾಯಿತು. ಸಾಬರು, ಅವರ ಹೆಂಡತಿ, ನಾನು. ಅವರ ಹೆಂಡತಿಯನ್ನು ನಾನು ಖಾಲಾ ಎನ್ನುತ್ತಿದ್ದೆ. ಖಾಲಾ ಚಪಾತಿ, ಆಲೂಗಡ್ಡೆ ಪಲ್ಯದ ಡಬ್ಬಿ ಹಿಡಿದು ಬರುತ್ತಿದ್ದರು. ಗ್ಯಾಲರಿಯೊಳಗೆ ಮೊದಲು ಸಿಕ್ಕ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕೂತುಬಿಟ್ಟರೆ ಸಂಜೆಯವರೆಗೆ ಏಳುತ್ತಿರಲಿಲ್ಲ. "ಗೋಡೆ ನೋಡಾಕೆ ರೈಲತ್ತಿ ಬರೋ ಮನ್ಸ ಇವ್ರೊಬ್ರೇ ಕಣಮ್ಮ, ಈಗ ನೀನೊಬ್ಳು ಜೊತೆಯಾದೆ" ಎಂದು ನಗುತ್ತಿದ್ದರು.

ಹಳೆಯ ಬಂಗಲೆಗಳು, ಎತ್ತರದ ಬಾಗಿಲುಗಳು, ಮಧ್ಯಾಹ್ನದಲ್ಲೂ ಮಬ್ಬಾಗಿರುವ ಉದ್ದುದ್ದ ಕೋಣೆಗಳು. ಪ್ರವಾಸಿಗರು ಮೊಬೈಲು ಎತ್ತಿ ಹಿಡಿದು ಒಂದು ಬಾಗಿಲಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿದ್ದರು. ಸಾಬರು ಒಂದು ಚಿತ್ರಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು. ಮೊದಲು ಕಟ್ಟು. ಮೂಲೆಗಳು ಹೇಗೆ ಕೂಡಿವೆ, ಮರ ಯಾವುದು, ಕೆತ್ತಿದವನ ಕೈ ಎಲ್ಲಿ ದಣಿದಿದೆ. ಆಮೇಲೆ ಚಿತ್ರ. ಕೊನೆಗೆ ಗೋಡೆಗೆ ಕೆನ್ನೆ ತಾಗಿಸುವಷ್ಟು ಹತ್ತಿರ ನಿಂತು ಚಿತ್ರದ ಹಿಂದೆ ಇಣುಕುತ್ತಿದ್ದರು. ಕಾವಲಿನವರು ಗದರಿದರೆ ಎರಡು ಹೆಜ್ಜೆ ಸರಿದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು:

"ಚಿತ್ರಕ್ಕೆ ಸಾವು ಹಿಂದ್ಗಡೆಯಿಂದ ಬತ್ತದೆ ಕಣಮ್ಮ. ಮುಂದೆ ನಿಂತೋರಿಗೆ ಕಾಣಕಿಲ್ಲ."

ಒಂದು ಗ್ಯಾಲರಿಯಲ್ಲಿ ಹೊಳೆಯ ಚಿತ್ರವೊಂದಿತ್ತು. ಹರಿಗೋಲು, ಅದರಲ್ಲಿ ಹುಟ್ಟು ಹಿಡಿದು ಕೂತ ಮುದುಕ. ಅದರ ಕೆಳಗಿನ ಮೂಲೆಯಲ್ಲಿ ರಾಗಿಕಾಳಿನಷ್ಟು ಕಲೆಯನ್ನು ಸಾಬರು ಕಂಡರು. ಗೋಡೆ ನೀರು ಕುಡಿಯುತ್ತಿದೆ, ಚಿತ್ರವನ್ನು ಇಳಿಸಿ ಎಂದು ಕಾವಲಿನವನಿಗೆ ಹೇಳಿದರು. ಅವನು "ನೋಡ್ಕೊಂಡು ಮುಂದಕ್ಕೋಗಿ" ಎಂದ. ಎರಡು ತಿಂಗಳ ಮೇಲೆ ಹೋದಾಗ ಕಲೆ ಅಂಗೈಯಗಲ ಆಗಿತ್ತು. ಮುದುಕನ ಮುಖದ ಮೇಲೆ ಬೂದಿ ಬಳಿದಂತೆ ಬಿಳಿ ಹಬ್ಬಿತ್ತು. ಅದರ ಮುಂದಿನ ಸಲ ಚಿತ್ರವೇ ಇರಲಿಲ್ಲ. ಒಂದು ಮೊಳೆ, ಅದರ ಕೆಳಗೆ ಬಣ್ಣ ಮಾಸದೆ ಉಳಿದ ಗೋಡೆಯ ಚೌಕ. ಚಿತ್ರದ ಮುಂದೆ ನಿಲ್ಲುತ್ತಿದ್ದಷ್ಟೇ ಹೊತ್ತು ಸಾಬರು ಆ ಚೌಕದ ಮುಂದೆ ನಿಂತರು.

"ಕಲೆ ಎಲ್ರಿಗೂ ಕಾಣೋ ಒತ್ಗೆ ಕೆಲ್ಸ ಕೆಟ್ಟೋಗಿರ್ತದೆ" ಎಂದರು.

ಚಿತ್ರದ ಮಾತೆಂದೇ ನಾನು ತಿಳಿದೆ.

ಆ ಮಳೆಗಾಲದಿಂದ ಅವರಲ್ಲಿ ಏನೋ ಬದಲಾಗತೊಡಗಿತು. ಎಡಗಡೆ ಬಂದು ನಿಂತು ಮಾತಾಡಿಸಿದರೆ ಬೆಚ್ಚಿಬೀಳುತ್ತಿದ್ದರು. ಗ್ಯಾಲರಿಯಲ್ಲಿ ಓಡಾಡುತ್ತಿದ್ದ ಮಗುವೊಂದಕ್ಕೆ ಡಿಕ್ಕಿ ಹೊಡೆದು, ಅದು ಅತ್ತ ಮೇಲೆ ಎಲ್ಲಿದೆ ಎಂದು ಸುತ್ತ ಹುಡುಕಿದರು. ಮೆಟ್ಟಿಲಿಳಿಯುವಾಗ ಕಾಲ ಬೆರಳಿಂದ ಅಂಚನ್ನು ಮುಟ್ಟಿ ನೋಡುತ್ತಿದ್ದರು. ನಮ್ಮ ಕಚೇರಿಯವರೊಬ್ಬರು ಕಟ್ಟು ಹಾಕಿಸಿದ ಪಟದ ಮೂಲೆ ಬಾಯಿಬಿಟ್ಟಿತ್ತು. ಸಾಬರ ಕೈಕೆಲಸದಲ್ಲಿ ಬೆರಳು ತೂರುವ ಸಂದಿಯನ್ನು ನಾನು ಕಂಡದ್ದು ಅದೇ ಮೊದಲು.

ಒಂದು ಶನಿವಾರ ಖಾಲಾ ನೀರು ತರಲು ಹೋದಾಗ ಕೇಳಿಯೇಬಿಟ್ಟೆ. "ಸಾಬ್ರೇ, ಕಣ್ಣು ಸರಿಯಾಗಿ ಕಾಣ್ತದಾ?"

ಖಾಲಾ ಹೋದ ಕಡೆಗೊಮ್ಮೆ ತಿರುಗಿ ನೋಡಿದರು. ಆಮೇಲೆ ಹೇಳಿದರು. "ನಡುಮಧ್ಯ ಚೆನ್ನಾಗದೆ. ಸೂಜಿಗೆ ದಾರ ಬೇಕಾದ್ರೂ ಪೋಣಿಸ್ತೀನಿ. ಸುತ್ತಲೂ ಮಾತ್ರ ಯಾರೋ ಕಟ್ಟು ಆಕ್ದಂಗದೆ. ಆ ಕಟ್ಟು ದಿನಾ ಒಂಚೂರು ಒಳೀಕೆ ಬತ್ತಾ ಅದೆ."

"ಡಾಕ್ಟ್ರಿಗೆ ತೋರಿಸಿದ್ರಾ?"

"ಓದ್ ವರ್ಸ ಒಂದಪ ಓಗಿದ್ದೆ. ಓಗಿರೋ ನೋಟ ವಾಪಸ್ ಬರಕಿಲ್ಲ ಅಂದ್ರು. ಬರಕಿಲ್ಲ ಅಂದ್ಮೇಲೆ ಯಾಕೋಗ್ಲಿ, ಬುಡು ಅಂತ ಬುಟ್ಬುಟ್ಟೆ." ನನ್ನ ಕಡೆಗೆ ಪೂರ್ತಿ ತಿರುಗಿದರು. "ಅವ್ಳಿಗೆ ಯೋಳ್ಬೇಡ ಕಣಮ್ಮ. ಗಾಜು ಕುಯ್ಯೋನಿಗೆ ಕಣ್ಣಿಲ್ಲ ಅಂತ ಗೊತ್ತಾದ್ರೆ ಅಂಗಡಿ ಬಾಗ್ಲಿಗೆ ಯಾರ್ ಬತ್ತಾರೆ?"

ಖಾಲಾ ನೀರಿನ ಬಾಟಲಿ ಹಿಡಿದು ಬರುತ್ತಿರುವುದು ಕಂಡಿತು. ನಾನು ಹೂಂ ಎಂದೆ. ಹಾಗೆ ಹೂಂ ಎಂದದ್ದಕ್ಕೆ ಇವತ್ತಿಗೂ ನನಗೆ ಕ್ಷಮೆಯಿಲ್ಲ. ಅವತ್ತೇ ಖಾಲಾಗೆ ಹೇಳಿದ್ದರೆ ಇದ್ದಷ್ಟು ನೋಟವಾದರೂ ಉಳಿಯುತ್ತಿತ್ತೇನೋ.

ಅದಾಗಿ ಎರಡು ಸಲದ ಮೇಲೆ, ದೊಡ್ಡದೊಂದು ಮೆರವಣಿಗೆಯ ಚಿತ್ರದ ಮುಂದೆ ನಿಂತಿದ್ದೆವು. ನಡುವೆ ಆನೆ, ಎರಡೂ ಕಡೆ ಜನ. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು, ಸಾಬರು ಚಿತ್ರವನ್ನಲ್ಲ, ನನ್ನನ್ನು ನೋಡುತ್ತಿದ್ದಾರೆ. ಅದೂ ಒಂದು ಕಣ್ಣು ಮುಚ್ಚಿ.

"ತಲೆ ಯಾಕಮ್ಮ ಅಂಗೆ ತಿರುಗಿಸ್ತಾ ಇದ್ದೀಯ?"

"ಎಲ್ಲಿ ತಿರುಗಿಸ್ದೆ?"

"ಎಡಕ್ಕೊಂದಪ, ಬಲಕ್ಕೊಂದಪ. ಕೋಳಿ ನೋಡ್ದಂಗೆ. ಬಲಗಣ್ಣು ಮುಚ್ಕೊ. ಎಡಗಣ್ಣಲ್ಲಿ ಆನೆ ಕಣ್ಣು ನೋಡ್ತಾ ಇರು, ಅತ್ಲಾಗಿತ್ಲಾಗೆ ಓಗ್ಬೇಡ. ಬಲಗಡೆ ಛತ್ರಿ ಇಡ್ದೋನು ಕಾಣ್ತಾನಾ?"

ತಮಾಷೆ ಎಂದುಕೊಂಡೇ ಅಂಗೈಯಿಂದ ಬಲಗಣ್ಣು ಮುಚ್ಚಿದೆ. ಛತ್ರಿಯೂ ಇರಲಿಲ್ಲ, ಹಿಡಿದವನೂ ಇರಲಿಲ್ಲ. ಅಲ್ಲಿ ಕಪ್ಪೂ ಇರಲಿಲ್ಲ, ತೂತೂ ಇರಲಿಲ್ಲ. ಮಂಜು ಕವಿದ ಗದ್ದೆಯ ಕೊನೆಯಂತೆ ಚಿತ್ರ ಅಲ್ಲಿ ಸುಮ್ಮನೆ ಮುಗಿದುಹೋಗಿತ್ತು. ಕೈ ತೆಗೆದೆ. ಛತ್ರಿಯವನು ನಿಂತಿದ್ದ. ಮತ್ತೆ ಮುಚ್ಚಿದೆ. ಅವನಿಲ್ಲ. ಹಿಂದಿನಿಂದ ಯಾರೋ "ಸ್ವಲ್ಪ ಸರೀರಿ ಮೇಡಂ, ಫೋಟೋ" ಎಂದರು. ನಾನು ಮೂರನೆಯ ಸಲ ಕಣ್ಣು ಮುಚ್ಚಿದೆ.

"ನಂಗೂ ಇಂಗೇ ಶುರುವಾಗಿದ್ದು" ಎಂದರು ಸಾಬರು ಮೆಲ್ಲಗೆ. "ಪಟ್ಟಿ ನೋಡಾಕೆ ಒಂದ್ ಕಣ್ ಮುಚ್ತೀನಲ್ಲ, ಆಗ ಗೊತ್ತಾಯ್ತು. ನಿಮ್ಮಪ್ಪಂಗೂ ಇದೇ ಇರ್ಬೇಕು."

"ಸುಮ್ನಿರಿ ಸಾಬ್ರೇ!" ನನ್ನ ದನಿ ಕೋಣೆಯಲ್ಲೆಲ್ಲ ಕೇಳಿಸಿತು. "ನಿಮ್ಮ ಕಾಯಿಲೇನ ಊರೋರ ತಲೆಗೆಲ್ಲ ಕಟ್ಟಬೇಡಿ."

ರೈಲಿನಲ್ಲಿ, ಏನಾಯಿತೆಂದು ತಿಳಿಯದ ಖಾಲಾ ಇಬ್ಬರ ಮುಖವನ್ನೂ ನೋಡುತ್ತ ಕೂತರು.

ಮರುದಿನದಿಂದ ಅವರ ಅಂಗಡಿಯ ಮುಂದೆ ಹೋಗುವುದನ್ನು ಬಿಟ್ಟೆ. ಬಸ್ಸಿಗೆ ಬಳಸುದಾರಿ ಹಿಡಿದೆ. ಆದರೆ ಕಣ್ಣನ್ನು ಬಿಟ್ಟು ಎಲ್ಲಿಗೆ ಹೋಗಲಿ? ಬೆಳಿಗ್ಗೆ ಬಚ್ಚಲಲ್ಲಿ ಬಲಗಣ್ಣು ಮುಚ್ಚಿ ಕೊಳಾಯಿ ನೋಡಿದರೆ ಪಕ್ಕದ ಬಕೆಟ್ಟು ಮಾಯ. ಬಸ್ಸಿನಲ್ಲಿ ಮುಂದಿನ ಸೀಟು ನೋಡಿದರೆ ಕಂಡಕ್ಟರು ಮಾಯ. ಊಟಕ್ಕೆ ಕೂತಾಗ ಗಂಡನ ಮುಖ ನೋಡುತ್ತ ಒಂದು ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಕೂತ ಮಗಳು ಇರಲಿಲ್ಲ. ಯಾರಿಗೂ ಹೇಳಲಿಲ್ಲ. ಡಾಕ್ಟರು ಬಾಯಿಬಿಟ್ಟು ಹೇಳುವ ತನಕ ಅದು ನಿಜವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಪ್ಪ ಗೋಡೆ ಸವರಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದ ಸದ್ದು ನಿದ್ದೆಯಲ್ಲಿ ಕೇಳಿಸುತ್ತಿತ್ತು.

ತಿಂಗಳು ಕಳೆದು, ಒಂದು ಸೋಮವಾರ ಮಧ್ಯಾಹ್ನ. ಪಹಣಿಗೆ ಬಂದ ಜನ ನನ್ನ ಕೌಂಟರಿನ ಮುಂದೆ ಸಾಲಾಗಿ ನಿಂತಿದ್ದರು. ಆ ಸಾಲನ್ನು ಸೀಳಿಕೊಂಡು ಸಾಬರು ಬಂದರು. ಅವರ ತೋಳನ್ನು ಖಾಲಾ ಹಿಡಿದಿದ್ದರು. ಅತ್ತು ಅತ್ತು ಖಾಲಾರ ಕಣ್ಣು ಊದಿತ್ತು.

"ಬಾರಮ್ಮ, ಆಸ್ಪತ್ರೆಗೋಗಾನ" ಎಂದರು ಸಾಬರು.

"ಸಾಬ್ರೇ, ಇದು ಆಫೀಸು. ಆಮೇಲೆ ಮಾತಾಡೋಣ."

"ಆಮೇಲೆ ಅಂತ ನಾನೂ ಅಂದ್ಕಂಡಿದ್ದೆ." ಅವರ ದನಿ ಏರಿತು. ಮೊಳೆಗಳಿಲ್ಲದ ಬಾಯಿಂದ ಆ ಮಾತು ಇಡೀ ಕಚೇರಿಗೆ ಕೇಳಿಸಿತು. "ನಂಗೆ ಕಣ್ಣು ಓಯ್ತಾ ಅದೆ. ವರ್ಸದಿಂದ ಇವ್ಳತ್ರಾನೂ ಮುಚ್ಚಿಟ್ಟಿದ್ದೆ. ಇವತ್ತು ಬೆಳಿಗ್ಗೆ ಯೋಳ್ದೆ. ಈಗ ಎಲ್ರಿಗೂ ಯೋಳ್ತಾ ಇವ್ನಿ. ನಂಗಿನ್ನು ಮುಚ್ಚಿಡಾಕೆ ಏನೂ ಇಲ್ಲ. ನೀನು ಇನ್ನೇನ್ ಮುಚ್ಚಿಡ್ತೀಯ?"

ಸಾಲಿನಲ್ಲಿದ್ದ ಚಿಕ್ಕರಸಿನಕೆರೆಯ ರೈತರೊಬ್ಬರು ಗಾಬರಿಯಾಗಿ ಕೇಳಿದರು. "ದಿಟವಾ ಸಾಬ್ರೇ? ನಮ್ಮವ್ವನ್ ಫೋಟೋ ನಿಮ್ಮತ್ರ ಕೊಟ್ಟಿವ್ನಲ್ಲ?"

"ದಿಟ ಕಣಪ್ಪ. ವಾಪಸ್ ತಗಂಡೋಗು. ಬೇರೆ ಕಡೆ ಆಕಿಸ್ಕೊ."

ಅದನ್ನು ಹೇಳುವಾಗ ಅವರ ಮುಖ ನೋಡಿದೆ. ನಲವತ್ತು ವರ್ಷದ ಅಂಗಡಿಯ ಬಾಗಿಲನ್ನು ಅವರು ನನ್ನ ಕೌಂಟರಿನ ಮುಂದೆ ತಮ್ಮ ಕೈಯಾರೆ ಎಳೆದುಕೊಂಡಿದ್ದರು. ಖಾಲಾ ಒಳಗೇ ನಡೆದು ಬಂದು ನನ್ನ ಮಣಿಕಟ್ಟು ಹಿಡಿದರು. "ಏಳು ತಾಯಿ. ಇವ್ರು ನಂಗೆ ಮಾಡ್ದಂಗೆ ನಿನ್ ಮನೆಯೋರಿಗೆ ನೀನು ಮಾಡ್ಬೇಡ."

ಆ ಮಧ್ಯಾಹ್ನವೇ ಮಂಡ್ಯದ ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ಮೂವರೂ ಕೂತಿದ್ದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿದೆ, ನರ ಸಾಯುತ್ತಿದೆ, ಇದಕ್ಕೆ ಗ್ಲಾಕೋಮಾ ಎನ್ನುತ್ತಾರೆ ಎಂದರು. ಎಡಗಣ್ಣಿನಲ್ಲಿ ಹೋದದ್ದು ಹೋಯಿತು. ಉಳಿದದ್ದನ್ನು ಉಳಿಸಿಕೊಳ್ಳಬಹುದು. ದಿನಾ ಸಂಜೆ ಎರಡೂ ಕಣ್ಣಿಗೆ ಒಂದೊಂದು ಹನಿ, ಬದುಕಿರುವ ತನಕ, ಒಂದು ದಿನವೂ ತಪ್ಪುವ ಹಾಗಿಲ್ಲ. "ಮನೆಯಲ್ಲಿ ಇನ್ಯಾರಿಗಾದ್ರೂ ಇತ್ತಾ?" ಎಂದು ಕೇಳಿದರು. ಅಪ್ಪನಿಗೆ ಎಂದೆ. ಆ ಪದ ಬಾಯಿಂದ ಬಂದಾಗ ಮಾತ್ರ ಅತ್ತೆ.

ಸಾಬರ ಕಣ್ಣನ್ನು ಡಾಕ್ಟರು ಬಹಳ ಹೊತ್ತು ನೋಡಿದರು. ಏನೂ ಹೇಳುವ ಮೊದಲೇ ಸಾಬರು ಅಂದರು, "ನಂದು ಬುಡಿ ಡಾಕ್ಟ್ರೇ, ನಂಗೊತ್ತದೆ. ಈಯಮ್ಮಂದು ನೋಡ್ಕಳಿ."

ತಿಂಗಳೊಳಗೆ ಅವರ ಅಂಗಡಿಗೆ ಜನ ಬರುವುದು ನಿಂತಿತು. ಕೊಟ್ಟ ಪಟಗಳನ್ನು ಒಬ್ಬೊಬ್ಬರೇ ವಾಪಸು ಒಯ್ದರು. ಬಾಗಿಲು ಮುಚ್ಚಿದ ದಿನ ನಾನು ಹೋಗಿ ಏನೋ ಹೇಳಲು ತೊದಲಿದೆ. ಅವರು ಕೈಯಾಡಿಸಿ ತಡೆದರು. "ಚಿತ್ರ ಕೆಟ್ಟೋಯ್ತಾ ಇರೋದು ಕಂಡ್ಮೇಲೆ ಬಾಯ್ಮುಚ್ಕೊಂಡು ಇರಕ್ಕಾಯ್ತದಾ?"

ಮೈಸೂರಿಗೆ ಮತ್ತೆ ಕರೆದರೆ ಬರಲಿಲ್ಲ. "ನೋಡೋದೆಲ್ಲ ನೋಡಾಯ್ತು. ನೀನೋಗ್ಬಾ, ಕಣ್ಣಿರೋ ಗಂಟ ನೋಡು" ಎಂದರು. ನಾನು ಒಬ್ಬಳೇ ಹೋಗುತ್ತೇನೆ. ಮೆರವಣಿಗೆಯ ಚಿತ್ರದ ಮುಂದೆ ನಿಂತು, ಬಲಗಣ್ಣು ಮುಚ್ಚಿ, ಆನೆಯ ಕಣ್ಣನ್ನು ದಿಟ್ಟಿಸುತ್ತೇನೆ. ಛತ್ರಿಯವನು ಕಾಣುವುದಿಲ್ಲ, ಅವನ ಈಚೆಗಿರುವ ಕಹಳೆಯವನು ಇನ್ನೂ ಇದ್ದಾನೆ. ಅವನಿರುವುದನ್ನು ನೋಡಿಕೊಂಡು ರೈಲು ಹತ್ತುತ್ತೇನೆ.

ಸಾಬರು ತೀರಿಕೊಂಡದ್ದು ಕಬ್ಬು ಕಡಿಯುವ ಕಾಲದಲ್ಲಿ. ಮಧ್ಯಾಹ್ನದ ನಮಾಜು ಮುಗಿಸಿ, ಯಾರನ್ನೂ ಕಾಯದೆ, ಒಬ್ಬರೇ ರಸ್ತೆ ದಾಟಲು ಹೊರಟರಂತೆ. ಎಡಗಡೆಯಿಂದ ಕಬ್ಬಿನ ಟ್ರಾಕ್ಟರು ಬರುತ್ತಿತ್ತು. ಸದ್ದು ಕೇಳಿ ನಿಂತರಂತೆ, ಯಾವ ಕಡೆಯಿಂದ ಎಂದು ತಿಳಿಯಲಿಲ್ಲ. ರಸ್ತೆಯಲ್ಲಿದ್ದವರು ಕೂಗಿಕೊಂಡರಂತೆ; ಆ ಕೂಗಿನ ಕಡೆಗೇ ತಿರುಗಿ ಟ್ರಾಕ್ಟರಿಗೆ ಅಡ್ಡ ಒಂದು ಹೆಜ್ಜೆ ಇಟ್ಟರಂತೆ.

ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಗಂಡಸರು ಅವರನ್ನು ಹೊತ್ತು ಹೊರಟುಹೋಗಿದ್ದರು. ಮನೆಯ ತುಂಬ ಹೆಂಗಸರು. ಖಾಲಾ ಗೋಡೆಗೊರಗಿ ಕೂತಿದ್ದರು. ನಾನು ಅವರ ಮುಂದೆ ಕುಸಿದು ಕೂತೆ. ಖಾಲಾ ನನ್ನ ಗಲ್ಲ ಹಿಡಿದೆತ್ತಿ, ಒಂದೊಂದೇ ಕಣ್ಣನ್ನು ನೋಡಿದರು. ಹೊರಗೆ ಬೆಳಕು ಇಳಿಯುತ್ತಿತ್ತು.

"ಒತ್ತಾಯ್ತಲ್ಲ" ಎಂದರು. "ಕಣ್ಗೆ ಅನಿ ಆಕ್ಕಂಡ್ಯಾ?"

ಇಲ್ಲವೆಂದು ತಲೆಯಾಡಿಸಿದೆ.

"ಆಕ್ಕೊ ಮೊದ್ಲು. ಆಮೇಲ್ ಅಳಾನ."

ಬ್ಯಾಗಿನಿಂದ ಹನಿಯ ಬಾಟಲಿ ತೆಗೆದು ಅವರ ಕೈಗಿಟ್ಟು, ಅವರ ತೊಡೆಗೆ ತಲೆ ಕೊಟ್ಟು, ಕಣ್ಣು ಬಿಟ್ಟುಕೊಂಡು ಮಲಗಿದೆ.