ಕೇಳಬಹುದಿತ್ತಲ್ಲ

ಅಮೆರಿಕದ ಹೋಬೋಕನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಂಗಳೂರಿನ ಆಂಟಿ, ಪಾರ್ಸೆಲ್ ತಂದವನನ್ನೂ ಹೆಸರು ಕೇಳದೆ ಕಳಿಸುತ್ತಿರಲಿಲ್ಲ. "ಕೇಳ್ಲಿಕ್ಕೆ ಎಂತ ಖರ್ಚುಂಟು ಮಾರಾಯ್ತಿ?" ಎನ್ನುತ್ತಿದ್ದರು.

ಅವರ ಮುತ್ತಜ್ಜ ಹಡಗಿನ ಖಲಾಸಿ. ಇದೇ ಊರಿನ ಬಂದರಿನಲ್ಲಿ ಬಿದ್ದು ಸತ್ತವರು. ಆ ಸಾವಿನ ಬಗ್ಗೆ ಕರೋನರ್, ಅಂದರೆ ಅಸಹಜ ಸಾವುಗಳ ತನಿಖಾಧಿಕಾರಿ, ನಡೆಸಿದ ವಿಚಾರಣೆಯ ಕಡತವನ್ನು ಆಂಟಿ ಹಡಗಿನ ಹೆಸರು ಹಿಡಿದು ವರ್ಷಗಟ್ಟಲೆ ಹುಡುಕಿದರು. ಕೊನೆಗೂ ಅದು ಸಿಕ್ಕ ದಿನ ದಾಖಲೆ ಕಚೇರಿಯಲ್ಲಿ ನಾನೂ ಜೊತೆಗಿದ್ದೆ. 'ಹೆಸರು ಗೊತ್ತಿಲ್ಲದ ಹಿಂದೂ' ಎಂದಿತ್ತು. ಅದರ ಕೆಳಗೇ, ಕೊರಳಲ್ಲಿ ಶಿಲುಬೆಯ ಜಪಸರವಿತ್ತು ಎಂದೂ ಬರೆದಿತ್ತು. ಅಲ್ಲ, ಬರೆದ ಮಹಾಶಯನಿಗೆ ಕಣ್ಣಿರಲಿಲ್ಲವೇ? ಸಾಕ್ಷಿ ಹೇಳಿದ್ದು ಕ್ಯಾಪ್ಟನ್ ಒಬ್ಬನೇ.

"ಹಡಗಿನಲ್ಲಿ ನಮ್ಮೂರಿನವರೇ ಇದ್ರಲ್ಲ, ಅವರತ್ರ ಕೇಳ್ಬಹುದಿತ್ತಲ್ಲ?" ಆಂಟಿ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು.

ಕಡತದ ಪ್ರತಿ ಬೇಕೆಂದು ಅರ್ಜಿಯಲ್ಲಿ ಮುತ್ತಜ್ಜನ ಪೂರ್ತಿ ಹೆಸರು ಬರೆದುಕೊಟ್ಟರು. ಗುಮಾಸ್ತ ಅದನ್ನು ವಾಪಸ್ ತಳ್ಳಿದ. ಕಡತದಲ್ಲಿ ಇರುವ ಹಾಗೆಯೇ 'ಹೆಸರು ಗೊತ್ತಿಲ್ಲ' ಎಂದು ಬರೆಯಬೇಕಂತೆ!

ಆಂಟಿ ನನ್ನ ಕಡೆ ತಿರುಗಿದರು. "ಅದನ್ನು ಈಗ ನನ್ನ ಕೈಯಿಂದಲೂ ಬರೆಸ್ತಾರಾ ಇವರು?"

ಪೆನ್ನು ಕೆಳಗಿಟ್ಟು, ಪ್ರತಿ ಇಲ್ಲದೆಯೇ ಎದ್ದರು. ಹೊರಡುವ ಮುನ್ನ ಆ ಗುಮಾಸ್ತನ ಹೆಸರು ಕೇಳಿದರು.